ಮೊಲದ ಮೊದಲ 250 ಪ್ರತಿ

ಮಕ್ಕಳ ಚಿತ್ರಪುಸ್ತಕಕ್ಕೆ ಪುಟಪುಟಕ್ಕೂ ಬಣ್ಣ ಬೇಕು, ಅಷ್ಟು ದುಡ್ಡು ಎಲ್ಲಿಂದ ತರೋದು ಅಂತ ಕೂತವರು ಬಿಯಾಟ್ರಿಕ್ಸ್ ಪಾಟರ್ ಹಾಕಿದ ಲೆಕ್ಕ ನೋಡಬೇಕು.

1893ರಲ್ಲಿ ಆಕೆ ಕಾಯಿಲೆ ಬಿದ್ದ ಹುಡುಗನೊಬ್ಬನಿಗೆ ಪೀಟರ್ ಅನ್ನೋ ಮೊಲದ ಕತೆಯನ್ನು ಚಿತ್ರ ಸಮೇತ ಕಾಗದದಲ್ಲಿ ಬರೆದು ಕಳಿಸಿದ್ದರು. ವರ್ಷಗಳಾದ ಮೇಲೆ ಆ ಕಾಗದವನ್ನೇ ವಾಪಸ್ ಇಸ್ಕೊಂಡು ಪುಸ್ತಕ ಮಾಡಿದರು. ಪ್ರಕಾಶಕರು ಒಬ್ಬರ ಹಿಂದೊಬ್ಬರು ಬೇಡ ಅಂದರು. ಪುಸ್ತಕ ದೊಡ್ಡದಾಗಿರಲಿ ಅನ್ನೋ ಮಾತೂ ಬಂತು. ದೊಡ್ಡದಾದರೆ ಬೆಲೆ ಏರುತ್ತೆ. ಪುಟ್ಟ ಕೈಗೆ ಹಿಡಿಸಬೇಕು, ಅಗ್ಗವಾಗಿಯೂ ಇರಬೇಕು ಅನ್ನೋದು ಪಾಟರ್ ಹಟ.

1901ರ ಡಿಸೆಂಬರಿನಲ್ಲಿ ಸ್ವಂತ ಕಾಸು ಹಾಕಿ 250 ಪ್ರತಿ ಅಚ್ಚು ಹಾಕಿಸಿದರು. ಶುರುವಿನ ಒಂದೇ ಚಿತ್ರಕ್ಕೆ ಬಣ್ಣ, ಉಳಿದದ್ದೆಲ್ಲ ಕಪ್ಪು ಗೆರೆ. ಖರ್ಚು ಉಳಿಸಿದ್ದು ಬಣ್ಣದಲ್ಲಿ, ಕತೆಯಲ್ಲೂ ಅಲ್ಲ, ಗೆರೆಯಲ್ಲೂ ಅಲ್ಲ. ಫೆಬ್ರವರಿಯಲ್ಲಿ ಮತ್ತೆ 200 ಪ್ರತಿ ಬೇಕಾದವು. ಮೊದಲು ಬೇಡ ಅಂದಿದ್ದ ಫ್ರೆಡರಿಕ್ ವಾರ್ನ್ ಸಂಸ್ಥೆಯೇ 1902ರ ಅಕ್ಟೋಬರಿನಲ್ಲಿ ಬಣ್ಣದ ಆವೃತ್ತಿ ತಂದಿತು. ಗಾತ್ರ ಮಾತ್ರ ಪುಟ್ಟದಾಗೇ ಉಳೀತು.

ನಿಮ್ಮ ಲ್ಯಾಪ್‌ಟಾಪಿನಲ್ಲೂ ಬಣ್ಣಕ್ಕೆ ಕಾಯ್ತಿರೋ ಕತೆ ಇದ್ದರೆ, ಮೊದಲು ಕಪ್ಪು ಬಿಳುಪಿನಲ್ಲಿ 250 ಪ್ರತಿಗೆ ಎಷ್ಟಾಗುತ್ತೆ ಅಂತ ಪ್ರೆಸ್ಸಿನಲ್ಲಿ ಕೇಳಿ ನೋಡಿ.