ಹ್ಯಾನಿಬಾಲನ ಆಲ್ಪ್ಸ್ ಪ್ರಯಾಣವೂ ಹಿಮಕುಸಿತದ ಪ್ರಶ್ನೆಯೂ

ಕಾರ್ಥೇಜಿನ ಸೇನಾನಿ ಹ್ಯಾನಿಬಾಲನು ಕ್ರಿ. ಪೂ. ೨೧೮ರಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಯನ್ನು ಹೊಕ್ಕನೆಂಬುದು ಸರ್ವವಿದಿತವಾದ ಸಂಗತಿ. ಆ ಪ್ರಯಾಣದಲ್ಲಿ ಅವನ ೧೮,೦೦೦ ಯೋಧರೂ ೨,೦೦೦ ಕುದುರೆಗಳೂ ಹಿಮಕುಸಿತಕ್ಕೆ ಸಿಕ್ಕಿ ನಾಶವಾದುವೆಂದು ಈ ವಿಷಯವನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. (‘ಹಿಮಪಾತ’ವೆಂಬ ಶಬ್ದವು ನಮ್ಮಲ್ಲಿ ಹಿಮ ಸುರಿಯುವುದಕ್ಕೂ, ಶೇಖರವಾದ ಹಿಮರಾಶಿ ಜಾರಿ ಬೀಳುವುದಕ್ಕೂ ಸಲ್ಲುತ್ತಿರುವುದರಿಂದ ಎರಡನೆಯ ಅರ್ಥದಲ್ಲಿ ‘ಹಿಮಕುಸಿತ’ವೆಂಬುದನ್ನೇ ಇಲ್ಲಿ ಬಳಸಿದೆ.) ಈ ಹೇಳಿಕೆಗೆ ಆಧಾರವೇನೆಂಬುದು ವಿಚಾರಾರ್ಹ.

ನಮಗಿರುವ ಮುಖ್ಯ ಸಾಕ್ಷಿ ಗ್ರೀಕ್ ಇತಿಹಾಸಕಾರನಾದ ಪೊಲಿಬಿಯಸ್. ಪ್ರಯಾಣದಲ್ಲಿದ್ದವರನ್ನು ವಿಚಾರಿಸಿ, ತಾನೇ ಆಲ್ಪ್ಸ್ ದಾಟಿ ನೋಡಿ ಬರೆದುದಾಗಿ ಅವನು ಹೇಳಿಕೊಂಡಿದ್ದಾನೆ. ಅವನ ಪ್ರಕಾರ ರೋನ್ ನದಿಯನ್ನು ದಾಟಿದ ಮೇಲೆ ಹ್ಯಾನಿಬಾಲನಲ್ಲಿ ೩೮,೦೦೦ ಕಾಲಾಳುಗಳೂ ೮,೦೦೦ಕ್ಕೆ ಮೇಲ್ಪಟ್ಟು ರಾವುತರೂ ಇದ್ದರು. ಇಟಲಿಯಲ್ಲಿ ಉಳಿದವರು ೨೦,೦೦೦ ಕಾಲಾಳುಗಳು, ೬,೦೦೦ ರಾವುತರು. ಎರಡನೆಯ ಲೆಕ್ಕಕ್ಕೆ ಹ್ಯಾನಿಬಾಲನೇ ಲಸಿನಿಯಮ್ಮಿನಲ್ಲಿ ಕೆತ್ತಿಸಿದ ಶಾಸನವು ಆಧಾರ. ಒಂದರಿಂದ ಇನ್ನೊಂದನ್ನು ಕಳೆದರೆ ಮೇಲ್ಕಂಡ ಸಂಖ್ಯೆಗಳೇ ದೊರೆಯುತ್ತವೆ! ಆದರೆ ಈ ನಷ್ಟಕ್ಕೆ ಪೊಲಿಬಿಯಸನು ಕೊಡುವ ಕಾರಣಗಳು ಶತ್ರುಗಳ ದಾಳಿ, ನದಿಗಳು, ಪರ್ವತದ ಪ್ರಪಾತಗಳು ಮತ್ತು ದುರ್ಗಮ ಮಾರ್ಗ. ಹಿಮಕುಸಿತದ ಮಾತನ್ನು ಅವನು ಎತ್ತುವುದೇ ಇಲ್ಲ.

ಹಾಗೆಂದು ಅವನು ಹಿಮವನ್ನು ಅಲಕ್ಷಿಸಿದವನಲ್ಲ. ಇಳಿಯುವ ದಾರಿಯ ಒಂದು ಭಾಗವು ಭೂಕುಸಿತದಿಂದ ಕಡಿದುಹೋಗಿದ್ದುದರಿಂದ ಸೈನ್ಯವು ಬಳಸಿ ಹೋಗಲು ಯತ್ನಿಸಿತು. ಅಲ್ಲಿ ಹಿಂದಿನ ಚಳಿಗಾಲದ ಗಟ್ಟಿಹಿಮದ ಮೇಲೆ ಹೊಸ ಹಿಮ ಬಿದ್ದಿತ್ತು. ಮೇಲಿನ ಪದರ ಮೆತ್ತಗೆ, ತೆಳುವಾಗಿ ಇದ್ದುದರಿಂದ ಕಾಲು ಅದನ್ನು ತೂರಿ ಕೆಳಗಿನ ಪದರಕ್ಕೆ ತಾಗಿದೊಡನೆ ಜಾರುತ್ತಿತ್ತು. ಬಿದ್ದು ಏಳಲು ಹೆಣಗಿದ ಹೇರಿನ ಪಶುಗಳು ಕೆಳಪದರವನ್ನೂ ಒಡೆದು ಅಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದವು. ಇಂದಿನ ಹಿಮವಿಜ್ಞಾನಿಗಳು ಗುಂಡಿ ತೋಡಿ ಪದರಗಳನ್ನು ಪರೀಕ್ಷಿಸುವಾಗ ಅರಸುವುದೂ ಇಂಥದನ್ನೇ: ಹಳೆಯ ಗಟ್ಟಿಪದರಕ್ಕೆ ಹೊಸ ಹಿಮ ಚೆನ್ನಾಗಿ ಬೆಸೆಯದಿದ್ದರೆ, ಮೇಲಣ ರಾಶಿ ಬೆಳೆದಂತೆ ಇಡೀ ಇಳಿಜಾರೇ ಕಳಚಿ ಬೀಳಬಹುದು. ಆದರೆ ಹೊಸ ಹಿಮವು ಆಳವಾಗಿರಲಿಲ್ಲವೆಂದು ಪೊಲಿಬಿಯಸನೇ ಸ್ಪಷ್ಟಪಡಿಸಿದ್ದಾನೆ. ಅಲ್ಲಿ ಜಾರಿದ್ದು ಕಾಲುಗಳೇ ಹೊರತು ಇಳಿಜಾರಲ್ಲ.

ಪ್ರಾಚೀನರಿಗೆ ಹಿಮಕುಸಿತದ ಅರಿವಿರಲಿಲ್ಲವೆಂದು ಇದರಿಂದ ಭಾವಿಸಬಾರದು. ಕ್ರಿಸ್ತಶಕದ ಆರಂಭಕಾಲದ ಭೂಗೋಳಕಾರ ಸ್ಟ್ರೇಬೊ, ಆಲ್ಪ್ಸಿನಲ್ಲಿ ಮೇಲಿನ ಪದರಗಳು ಕೆಳಗಿನವುಗಳಿಂದ ಬಿಡಿಸಿಕೊಂಡು ಉರುಳಿ ಇಡೀ ಪ್ರಯಾಣಿಕರ ತಂಡಗಳನ್ನೇ ಕಣಿವೆಗೆ ತಳ್ಳುವುದನ್ನು ಕಾರಣಸಹಿತವಾಗಿ ವಿವರಿಸಿದ್ದಾನೆ. ಹ್ಯಾನಿಬಾಲನ ಸೈನ್ಯದ ಮೇಲೆ ಹಿಮರಾಶಿಯನ್ನು ಕೆಡವಿದವನಾದರೋ ಇತಿಹಾಸಕಾರನಲ್ಲ. ಘಟನೆಯಾಗಿ ಸುಮಾರು ಮುನ್ನೂರು ವರ್ಷಗಳ ತರುವಾಯ ಆ ಯುದ್ಧವನ್ನು ಮಹಾಕಾವ್ಯವಾಗಿಸಿದ ರೋಮನ್ ಕವಿ ಸಿಲಿಯಸ್ ಇಟಾಲಿಕಸ್. ಕಾವ್ಯದಲ್ಲಿ ಅದು ಸಲ್ಲುತ್ತದೆ. ಅದಕ್ಕೆ ೧೮,೦೦೦ವೆಂಬ ಲೆಕ್ಕವನ್ನು ಹೊಂದಿಸಿರುವುದು ಮಾತ್ರ ಸಾಧುವಲ್ಲ.