ಬಣ್ಣ ಬಿಡುವ ಮದ್ರಾಸ್

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಮೇ ತಿಂಗಳ ಕೊನೆಗೆ ಬಿಸಿಲು ಏರತೊಡಗಿದರೆ ಕೆಲವು ಮನೆಗಳ ಕಪಾಟಿನಿಂದ ‘ಮದ್ರಾಸ್’ ಹೊರಬರುತ್ತದೆ. ಅಪ್ಪ ತೊಟ್ಟು ಮಗನಿಗೆ ದಾಟಿಸಿದ ಮದ್ರಾಸ್, ಕಾಲರಿನ ಅಂಚು ಸವೆದಷ್ಟೂ ಮಾನ ಹೆಚ್ಚುವ ಮದ್ರಾಸ್. ಅಲ್ಲಿ ಅದು ಊರಲ್ಲ, ಬಟ್ಟೆ. ಕೆಂಪು, ನೀಲಿ, ಹಳದಿ, ಹಸಿರಿನ ದೊಡ್ಡ ದೊಡ್ಡ ಚೌಕಳಿಯಿರುವ ತೆಳು ಹತ್ತಿ ಬಟ್ಟೆ. ಅದರಲ್ಲಿ ಅಂಗಿ, ಚಡ್ಡಿ, ಕೋಟು, ಟೈ, ಬೆಲ್ಟು ಎಲ್ಲವನ್ನೂ ಹೊಲಿಸುತ್ತಾರೆ. ಈ ಅರ್ಥ ಬಂದಾಗ ಇಂಗ್ಲಿಷ್ ನಿಘಂಟುಗಳು ಪದವನ್ನು ಸಣ್ಣ ಅಕ್ಷರದಲ್ಲೇ ಶುರುಮಾಡುತ್ತವೆ. ಊರಿಗೆ ಸಲ್ಲುವ ದೊಡ್ಡಕ್ಷರ ಬಟ್ಟೆಗಿಲ್ಲ.

ಹೀಗೆ ಉಡುವವರ ಶೈಲಿಗೆ ‘ಪ್ರೆಪಿ’ ಎಂದು ಹೆಸರು. ದುಬಾರಿ ಖಾಸಗಿ ಪ್ರಿಪರೇಟರಿ ಶಾಲೆಗಳಲ್ಲಿ ಓದಿ ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್‌ಗಳಿಗೆ ಹೋಗುವ ಹುಡುಗರಿಗೆ ಅಂಟಿದ ಹೆಸರದು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಮುಖ್ಯ ಪರೀಕ್ಷೆಗೆ ಮುಂಚೆ ಬರೆಯುವ ‘ಪ್ರಿಪರೇಟರಿ’ಯೂ ಅದೇ ಬೇರಿನದು. 1970ರಲ್ಲಿ ಬಂದ ‘ಲವ್ ಸ್ಟೋರಿ’ ಕಾದಂಬರಿಯಲ್ಲಿ ಸಾಧಾರಣ ಮನೆಯ ಜೆನ್ನಿ, ಸಿರಿವಂತರ ಮಗ ಆಲಿವರ್‌ನನ್ನು ಕೆಣಕುವುದು ಈ ಮಾತಿನಿಂದಲೇ. ಹತ್ತು ವರ್ಷದ ಮೇಲೆ ಲೀಸಾ ಬರ್ನ್‌ಬಾಕ್ ಸಂಪಾದಿಸಿದ ‘ದಿ ಅಫಿಶಿಯಲ್ ಪ್ರೆಪಿ ಹ್ಯಾಂಡ್‌ಬುಕ್’ ಬಂತು. ಅವರು ಬರೆದದ್ದು ಅಣಕ. ಜನ ಅದನ್ನು ನಿಜವಾದ ಕೈಪಿಡಿಯೆಂದೇ ಓದಿ, ಅದರಲ್ಲಿದ್ದಂತೆ ಬಟ್ಟೆ ಕೊಂಡರು. ಬೈಗುಳದ ಸೆರಗಿನಲ್ಲಿದ್ದ ಪದ ಅಲ್ಲಿಂದಾಚೆಗೆ ಅಂಗಡಿಯ ಫಲಕಕ್ಕೇರಿತು.

ಪ್ರೆಪಿಗಳ ಕಪಾಟಿನಲ್ಲಿ ಮೊಸಳೆ ಗುರುತಿನ ಟೀ ಶರ್ಟಿದೆ, ಕಾಲರಿಗೆ ಗುಂಡಿಯಿರುವ ಆಕ್ಸ್‌ಫರ್ಡ್ ಅಂಗಿಯಿದೆ, ಲೋಫರ್ ಷೂ ಇದೆ, ಹೆಸರಿನ ಮೊದಲಕ್ಷರಗಳನ್ನು ಕಸೂತಿ ಹಾಕಿದ ಕ್ಯಾನ್ವಾಸ್ ಚೀಲವಿದೆ. ನನ್ನ ಮನಸ್ಸು ಹೋಗುವುದು ಮದ್ರಾಸಿನ ಕಡೆಗೆ ಮಾತ್ರ. ಚೌಕಳಿ ಬಟ್ಟೆಯ ಮೇಲೆ ನನಗೆ ಚಿಕ್ಕಂದಿನಿಂದ ಮೋಹ. ಬಟ್ಟೆಯಂಗಡಿಯಲ್ಲಿ ಥಾನು ಬಿಚ್ಚಿಸಿ ಎರಡೂ ಮಗ್ಗುಲು ತಿರುವಿ ನೋಡದಿದ್ದರೆ ಸಮಾಧಾನವಿಲ್ಲ. ಒಳ್ಳೆಯ ಮದ್ರಾಸಿಗೆ ಒಳಮೈ ಹೊರಮೈ ಎಂಬುದಿಲ್ಲ. ನೂಲಿನ ಲಡಿಗೇ ಬಣ್ಣ ಹಾಕಿ ಆಮೇಲೆ ನೇಯುವುದರಿಂದ ಎರಡೂ ಕಡೆ ಒಂದೇ ಬಣ್ಣ. ಹಾಸಿನ ಕೆಂಪು ಹೊಕ್ಕಿನ ನೀಲಿಯನ್ನು ಕೂಡುವ ಕಡೆ ಮೂರನೆಯ ಬಣ್ಣವೊಂದು ಹುಟ್ಟುತ್ತದೆ. ಅದನ್ನು ಯಾರೂ ಬಾನೆಯಲ್ಲಿ ಕಲಸಿದ್ದಲ್ಲ, ಮಗ್ಗದ ಮೇಲೆ ಆದದ್ದು.

ಮದ್ರಾಸ್ ಕೋಟಿನ ಕೆಳಗೆ ಅವರು ತೊಡುವುದು ಖಾಕಿ ಪ್ಯಾಂಟು. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಸರ್ಕಾರದ ನೆರವಿನಲ್ಲಿ ಕಾಲೇಜು ಸೇರಿದಾಗ ಸೇನೆಯ ಖಾಕಿಯನ್ನೂ ಕ್ಯಾಂಪಸ್ಸಿಗೆ ತಂದರು. ಖಾಕಿಗೂ ನಮ್ಮ ಕರಾವಳಿಯಲ್ಲಿ ಒಂದು ಕತೆಯಿದೆ. ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದ ಹೊತ್ತಿಗೆ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣ ಕಟ್ಟಿದರೆಂದು ಮಂಗಳೂರಿನವರು ಅಭಿಮಾನದಿಂದ ಹೇಳುತ್ತಾರೆ. ಪಂಜಾಬಿನ ಗಡಿಯ ಸೇನೆ ಅದಕ್ಕೂ ಮೊದಲೇ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿತ್ತು ಎನ್ನುವವರೂ ಇದ್ದಾರೆ. ಆಗ ಮಂಗಳೂರು ಇದ್ದದ್ದು ಮದ್ರಾಸ್ ಪ್ರಾಂತದಲ್ಲಿ.

ಮದ್ರಾಸ್ ಎಂಬ ಊರು ಹುಟ್ಟಿದ್ದೇ ಬಟ್ಟೆಗಾಗಿ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ, ವಿಜಯನಗರದ ಅರವೀಡು ಅರಸರ ಅಧೀನದಲ್ಲಿದ್ದ ದಾಮರ್ಲ ನಾಯಕರಿಂದ ಕಡಲಂಚಿನ ಮರಳು ನೆಲ ಪಡೆದ. ಬಂದರಿಗೆ ಯೋಗ್ಯವಾದ ಜಾಗವೇನೂ ಅಲ್ಲ, ಅಲೆಗಳ ಅಬ್ಬರಕ್ಕೆ ಹಡಗು ದಡಕ್ಕೆ ಬರುವಂತಿರಲಿಲ್ಲ. ಆದರೆ ಸುತ್ತಲ ಹಳ್ಳಿಗಳಲ್ಲಿ ಬಟ್ಟೆ ಅಗ್ಗವಾಗಿ ಸಿಗುತ್ತಿತ್ತು, ಅವನಿಗೆ ಅಷ್ಟು ಸಾಕಾಯಿತು. ಮುಂದೆ 1730ರ ದಶಕದಲ್ಲಿ ಕಂಪನಿ ನೇಕಾರರನ್ನು ಕರೆತಂದು ಕೂಡಿಸಿದ ಪೇಟೆಯೇ ಚಿಂತಾದ್ರಿಪೇಟೆ. ‘ಚಿನ್ನ ತರಿ ಪೇಟ್ಟೈ’ ಎಂದರೆ ತಮಿಳಿನಲ್ಲಿ ಸಣ್ಣ ಮಗ್ಗಗಳ ಪೇಟೆ. ಈಗ ಅಲ್ಲಿ ಮಗ್ಗದ ಸದ್ದಿಲ್ಲ, ಹೆಸರಿನಲ್ಲಿ ಮಗ್ಗ ಉಳಿದಿದೆ.

ಪ್ರೆಪಿಗಳ ಪ್ರೀತಿಯ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಬಂದದ್ದೂ ಮದ್ರಾಸಿನ ಗಂಟಿನಿಂದ. ಬಾಸ್ಟನ್ನಿನಲ್ಲಿ ಹುಟ್ಟಿದ ಎಲಿಹು ಯೇಲ್ 1687ರಿಂದ 1692ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. ಸ್ವಂತ ವ್ಯಾಪಾರದಿಂದ ಬೇಕಾದಷ್ಟು ಗಳಿಸಿ, ಆ ಕಾರಣಕ್ಕೇ ಹುದ್ದೆ ಕಳೆದುಕೊಂಡು, ಇಂಗ್ಲೆಂಡಿಗೆ ಮರಳಿದ. ಕನೆಕ್ಟಿಕಟ್‌ನ ಬಡ ಕಾಲೇಜೊಂದು ಸಹಾಯ ಬೇಡಿದಾಗ 1718ರಲ್ಲಿ ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಒಂದನೆಯ ಜಾರ್ಜನ ಚಿತ್ರಪಟ ಕಳಿಸಿದ. ಮೂಟೆಗಳಲ್ಲಿದ್ದದ್ದು ಬಹುಪಾಲು ಬಟ್ಟೆ. ಮಾರಿದಾಗ ಸುಮಾರು 560 ಪೌಂಡ್ ಬಂತು, ಕಾಲೇಜು ಕಟ್ಟಡವೆದ್ದಿತು, ಕೊಟ್ಟವನ ಹೆಸರು ಅದಕ್ಕಂಟಿತು. ಉಡುಗೊರೆಗಳ ಚರಿತ್ರೆಯಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ಹೆಸರು ಕೊಂಡವರು ಅಪರೂಪ. ಆ ಹಣದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅವನ ಆಡಳಿತದಲ್ಲಿ ಮದ್ರಾಸಿನಿಂದ ಮನುಷ್ಯರನ್ನೂ ಗುಲಾಮರಾಗಿ ಹಡಗಿಗೆ ತುಂಬಿ ಕಳಿಸಲಾಗುತ್ತಿತ್ತು. ಗುಲಾಮಗಿರಿಯೊಂದಿಗಿನ ತನ್ನ ಹಳೆಯ ನಂಟಿಗಾಗಿ ಯೇಲ್ ವಿಶ್ವವಿದ್ಯಾಲಯ 2024ರಲ್ಲಿ ಕ್ಷಮೆ ಕೇಳಿತು.

ಮದ್ರಾಸ್ ಬಟ್ಟೆಗೂ ಆ ದಾರಿ ಗೊತ್ತು. ಕೆರಿಬಿಯನ್ ದ್ವೀಪಗಳಲ್ಲಿ ಕಬ್ಬಿನ ಗದ್ದೆಗಳಿಗೆ ದೂಡಲ್ಪಟ್ಟ ಆಫ್ರಿಕನ್ ಹೆಂಗಸರು ಮದ್ರಾಸ್ ಚೌಕವನ್ನು ತಲೆಗೆ ಸುತ್ತಿಕೊಂಡರು. ಸ್ಪೇನ್ ಆಳುತ್ತಿದ್ದ ಲೂಯಿಸಿಯಾನದಲ್ಲಿ 1786ರಲ್ಲಿ ಗವರ್ನರನೊಬ್ಬ, ಸ್ವತಂತ್ರರಾದ ಕಪ್ಪು ಹೆಂಗಸರೂ ಕೂದಲು ತೋರಿಸದೆ ತಲೆಗೆ ಬಟ್ಟೆ ಕಟ್ಟಬೇಕೆಂದು ಕಟ್ಟಳೆ ಮಾಡಿದ. ಅವರು ಇದ್ದುದರಲ್ಲೇ ಅತಿ ಬೆಡಗಿನ ಮದ್ರಾಸನ್ನು ಆರಿಸಿ, ಎತ್ತರಕ್ಕೆ ಕಟ್ಟಿ, ಅವಮಾನಕ್ಕೆಂದು ಮಾಡಿದ ಕಟ್ಟಳೆಯನ್ನೇ ಅಲಂಕಾರ ಮಾಡಿಕೊಂಡರು. ಇಂದು ಸೇಂಟ್ ಲೂಸಿಯಾ, ಡೊಮಿನಿಕಾಗಳ ರಾಷ್ಟ್ರೀಯ ಉಡುಪಿನಲ್ಲಿ ಮದ್ರಾಸ್ ಇದೆ. ನೈಜೀರಿಯಾದ ನದೀಮುಖದ ಕಲಬಾರಿ ಜನ ಇದನ್ನು ‘ಇಂಜಿರಿ’ ಎನ್ನುತ್ತಾರೆ. ಹುಟ್ಟು, ಮದುವೆ, ಸಾವು ಯಾವುದಕ್ಕೂ ಅವರಿಗೆ ಇದು ಬೇಕು. ಅವರ ಹೆಂಗಸರು ನೇಯ್ದು ಬಂದ ಬಟ್ಟೆಯ ಕೆಲವು ಎಳೆಗಳನ್ನು ಕತ್ತರಿಸಿ ತೆಗೆದು, ಹೊಸ ಚಿತ್ತಾರ ಮಾಡುತ್ತಾರೆ. ಮಲೇಷ್ಯಾದಲ್ಲಿ ಗಂಡಸರು ಉಡುವ ಚೌಕಳಿ ಲುಂಗಿಗೆ ‘ಕಾಯಿನ್ ಪೆಲೆಕಾಟ್’ ಎಂದು ಹೆಸರು. ಮದ್ರಾಸಿನ ಉತ್ತರಕ್ಕಿರುವ ಪುಲಿಕಾಟ್, ಅಂದರೆ ಪಳವೇರ್ಕಾಡು ಬಂದರಿನ ಹೆಸರು ಅಲ್ಲಿ ಲುಂಗಿಯಾಗಿ ಬದುಕಿದೆ.

ಇಷ್ಟೆಲ್ಲ ತಿರುಗಿದ ಬಟ್ಟೆ ಅಮೆರಿಕದ ಕಾಲೇಜು ಹುಡುಗರ ಹುಚ್ಚಾದ ಕತೆಯನ್ನು ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ ತಾವೇ ಹೇಳುತ್ತಿದ್ದರು. ಕಣ್ಣೂರಿನವರು, ಕೈಮಗ್ಗದ ಬಟ್ಟೆ ರಫ್ತು ಮಾಡುತ್ತಿದ್ದವರು, ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಮೈಸೂರು ಅರಮನೆಯ ಮಾದರಿಯಲ್ಲೆದ್ದ ಲೀಲಾ ಪ್ಯಾಲೇಸ್ ಅವರದೇ ಕನಸು. ಅವರು ಹೇಳಿದ ಪ್ರಕಾರ, 1958ರಲ್ಲಿ ವಿಲಿಯಂ ಜೇಕಬ್ಸನ್ ಎಂಬ ಅಮೆರಿಕದ ವ್ಯಾಪಾರಿ ಮದ್ರಾಸಿಗೆ ಬಂದ. ಎಳ್ಳೆಣ್ಣೆಯ ವಾಸನೆ ಹೊಡೆಯುವ, ಸಸ್ಯಬಣ್ಣದ ಗಾಢ ಚೌಕಳಿಯೊಂದು ಅವನ ಕಣ್ಣಿಗೆ ಬಿತ್ತು. ಗಜಕ್ಕೆ ಒಂದು ಡಾಲರಿನಂತೆ ವ್ಯಾಪಾರ ಕುದುರಿತು. ನಾಯರ್ ಎಚ್ಚರಿಕೆಯನ್ನೂ ಹೇಳಿದ್ದರು: ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ಆ ಮಾತು ಜೇಕಬ್ಸನ್ನನ ಹತ್ತಿರವೇ ಉಳಿಯಿತು. 10,000 ಗಜ ಬಟ್ಟೆ ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್‌ಗೆ ಹೋಯಿತು, ಅಲ್ಲಿ ಅಂಗಿಯಾಗಿ, ಕೋಟಾಗಿ, ಚಡ್ಡಿಯಾಗಿ ಹೊಲಿಗೆಗೊಂಡಿತು, ತೊಳೆಯುವ ಕ್ರಮದ ಚೀಟಿಯಿಲ್ಲದೆ ಮಾರಾಟವಾಯಿತು. ಕೊಂಡವರು ಬಿಸಿನೀರಿನ ವಾಷಿಂಗ್ ಮೆಷಿನ್ನಿಗೆ ಹಾಕಿದರು. ಚೌಕಳಿ ಕದಡಿತು, ಜೊತೆಗಿದ್ದ ಬಿಳಿ ಬಟ್ಟೆಗಳೂ ಕೆಟ್ಟವು. ದೂರಿನ ಮೇಲೆ ದೂರು ಬಂತು, ನಾಯರ್ ವಕೀಲರ ಎದುರು ಕೂರಬೇಕಾಯಿತು.

ಸೋತ ಕೈಯನ್ನು ಗೆಲ್ಲಿಸಿದ್ದು ಪತ್ರಿಕೆ. ಹದಿಹರೆಯದವರ ‘ಸೆವೆಂಟೀನ್’ ಪತ್ರಿಕೆಯ ಸಂಪಾದಕಿಯ ಮುಂದೆ ನಾಯರ್ ತಮ್ಮ ಬಟ್ಟೆಯ ಗುಣ ಹೇಳಿಕೊಂಡರು. ಪತ್ರಿಕೆ ‘ಬ್ಲೀಡಿಂಗ್ ಮದ್ರಾಸ್’ ಎಂದು ಹೆಸರಿಟ್ಟು ಪುಟಗಟ್ಟಲೆ ಬರೆಯಿತು. ಪ್ರತಿ ಒಗೆತಕ್ಕೂ ಬಣ್ಣ ಬದಲಾಗುವ, ಒಂದರಂತೆ ಇನ್ನೊಂದಿರದ, ಕೈಯಲ್ಲಿ ನೇಯ್ದ ಬಟ್ಟೆ! ಬಣ್ಣ ಬಿಡುವುದು ಖಾತರಿ ಎಂದೇ ಜಾಹೀರಾತು ಬಂತು. ಮುಂದಿನ ದಶಕದಲ್ಲಿ, ಮಸುಕಾಗದ ಮದ್ರಾಸ್ ತೊಟ್ಟವನು ನಕಲಿ ತೊಟ್ಟವನಾದ.

ನಾಯರ್ ಒಳ್ಳೆಯ ಮಾತುಗಾರರು, ಹೇಳಿ ಹೇಳಿ ಕತೆಗೆ ನಯ ಬಂದಿರಲಿಕ್ಕೂ ಸಾಕು. ಆದರೆ ಬಟ್ಟೆಯ ವಿಷಯದಲ್ಲಿ ಅವರು ಹೇಳಿದ್ದು ಸತ್ಯ. ಸಸ್ಯಬಣ್ಣಗಳಲ್ಲಿ ಹಲವು ನೂಲನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಅರಿಸಿನದ ಹಳದಿ ಬಿಸಿಲಿಗೆ ಸೋಲುತ್ತದೆ, ನೀಲಿ ಉಜ್ಜಿದಲ್ಲಿ ಇಳಿಯುತ್ತದೆ. ಐದಾರು ಬೇಸಿಗೆ ಕಳೆದ ಮೇಲೆ ಗಾಢ ಚೌಕಳಿಯ ಗೆರೆಗಳು ಒಂದರೊಳಗೊಂದು ಕರಗಿ ತಿಳಿಯಾಗುತ್ತವೆ. ಆ ತಿಳಿಬಣ್ಣವನ್ನು ದುಡ್ಡು ಕೊಟ್ಟು ತರಲಾಗದು, ಉಟ್ಟೇ ಗಳಿಸಬೇಕು. ಹಳೆಯ ಮನೆತನಗಳು ಅದನ್ನು ತಮ್ಮ ಗುರುತು ಮಾಡಿಕೊಂಡದ್ದು ಇದೇ ಕಾರಣಕ್ಕೆ: ಮಸುಕಾದ ಅಂಗಿ ಎಷ್ಟೋ ಬೇಸಿಗೆ ಕಡಲತೀರದಲ್ಲಿ ಕಳೆದವನ ಅಂಗಿ. ಎಸ್.ಇ. ಹಿಂಟನ್ 1967ರಲ್ಲಿ ಪ್ರಕಟಿಸಿದ ‘ದಿ ಔಟ್‌ಸೈಡರ್ಸ್’ ಕಾದಂಬರಿಯಲ್ಲಿ ಬಡ ಹುಡುಗರು ಸಿರಿವಂತರ ಗುಂಪನ್ನು ಗುರುತಿಸುವುದು ಮದ್ರಾಸ್ ಅಂಗಿಯಿಂದ. ಮದ್ರಾಸಿನ ಬೀದಿಯಲ್ಲಿ ದುಡಿಯುವವನು ಸುತ್ತಿಕೊಳ್ಳುತ್ತಿದ್ದ ಲುಂಗಿಯ ಬಟ್ಟೆ ಆ ಕಾದಂಬರಿ ನಡೆಯುವ ಓಕ್ಲಹೋಮದಲ್ಲಿ ಸಿರಿಯ ಗುರುತಾಗಿತ್ತು.

ಕನ್ನಡದಲ್ಲಿ ಮದ್ರಾಸ್ ಬಟ್ಟೆಯಾಗಲಿಲ್ಲ. ದಕ್ಷಿಣ ಕನ್ನಡ, ಕೊಳ್ಳೇಗಾಲಗಳ ಹಿರಿಯರಿಗೆ 1956ರವರೆಗೆ ಅದು ಸರ್ಕಾರ. ಬಳ್ಳಾರಿಯವರಿಗೆ 1953ರವರೆಗೆ. ಕನ್ನಡ ಸಿನಿಮಾದವರಿಗೆ ಒಂದು ಕಾಲಕ್ಕೆ ಸ್ಟುಡಿಯೊಗಳ ಕೋಡಂಬಾಕ್ಕಂ. ಬೆಂಗಳೂರಿಗರಿಗೆ ಹಲಸೂರಿನಿಂದ ಕೆ.ಆರ್. ಪುರದತ್ತ ಸಾಗುವ ಹಳೇ ಮದ್ರಾಸ್ ರಸ್ತೆ. ಕಣ್ಣು ಕೆಂಪಾಗಿ ಪಿಸುರುಗಟ್ಟಿದರೆ ಈಗಲೂ ‘ಮದ್ರಾಸ್ ಐ ಬಂದಿದೆ’ ಎನ್ನುತ್ತೇವೆ. 1996ರಲ್ಲಿ ಊರು ಚೆನ್ನೈ ಆದರೂ ಮದ್ರಾಸ್ ಹೈಕೋರ್ಟು, ಮದ್ರಾಸ್ ವಿಶ್ವವಿದ್ಯಾಲಯ, ಮದ್ರಾಸ್ ಐಐಟಿ ಹಳೆಯ ಹೆಸರನ್ನೇ ಇಟ್ಟುಕೊಂಡಿವೆ.

ಇನ್ನು ‘ಮದ್ರಾಸಿ’. ಕೆಲಸ ಹುಡುಕಿ ಮುಂಬಯಿಗೆ, ದಿಲ್ಲಿಗೆ ಹೋದ ಕನ್ನಡಿಗರು ಈ ಮಾತನ್ನು ಕೇಳಿದ್ದಾರೆ. ಉಡುಪಿಯವನೂ ಮದ್ರಾಸಿ, ಧಾರವಾಡದವನೂ ಮದ್ರಾಸಿ, ಗುಂಟೂರಿನವನೂ ತ್ರಿಶೂರಿನವನೂ ಮದ್ರಾಸಿ. ನಾಲ್ಕು ಭಾಷೆಗಳನ್ನು, ನೂರಾರು ಊರುಗಳನ್ನು ಒಂದೇ ಹೆಸರಿನಲ್ಲಿ ಒರೆಸಿಹಾಕುವ ಮಾತದು. ಅದು ಕಿವಿಗೆ ಬಿದ್ದಾಗ ಆಗುವ ಸಂಕಟ ನಮಗೆ ಗೊತ್ತು. ಬಟ್ಟೆಗೂ ಆದದ್ದು ಇದೇ. ಮದ್ರಾಸ್ ಎಂಬುದು ಹಡಗು ಹೊರಟ ಬಂದರಿನ, ಲೆಕ್ಕ ಬರೆದ ಕಂಪನಿಯ ಕಚೇರಿಯ ಹೆಸರು. ನೇಯ್ದ ಊರುಗಳು ಬೇರೆ. ಆಂಧ್ರ ಕರಾವಳಿಯ ಚೀರಾಲದ ಸುತ್ತಿನ ಹಳ್ಳಿಗಳು, ಪಳವೇರ್ಕಾಡಿನ ಕಡೆಯ ಹಳ್ಳಿಗಳು, ಅಲ್ಲಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ತೆಲುಗು, ತಮಿಳು ನೇಕಾರರು, ಲಡಿ ಸುತ್ತಿಕೊಟ್ಟ ಅವರ ಹೆಂಡತಿ ಮಕ್ಕಳು ಯಾರೂ ಆ ಹೆಸರಿನೊಳಗಿಲ್ಲ. ಕೊಟ್ಟವನ ಹೆಸರು ಕಾಲೇಜಿನ ಬಾಗಿಲಿಗೇರಿತು, ಹೊಲಿದ ಅಂಗಡಿಯ ಹೆಸರು ಕಾಲರಿಗೇರಿತು, ನೇಯ್ದವರ ಹೆಸರು ಎಲ್ಲಿಯೂ ಬರಲಿಲ್ಲ. ಈ ಪದದ ಚೆಲುವನ್ನು ಎಷ್ಟು ಮೆಚ್ಚಿದರೂ ಇದೊಂದು ಅನ್ಯಾಯ ನನ್ನನ್ನು ಬಿಡದೆ ಕಾಡುತ್ತದೆ.

ಹಾಗಾಗಿ ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ಏನು ಕೊಡಲಿ ಎಂದು ಯಾರಾದರೂ ಕೇಳಿದರೆ ನಾನು ಕೈಮಗ್ಗದ ಚೌಕಳಿ ಬಟ್ಟೆ ಎನ್ನುತ್ತೇನೆ. ಅಂಗಿಯ ಅಳತೆ ಗೊತ್ತಿಲ್ಲದಿದ್ದರೆ ಎರಡೂವರೆ ಮೀಟರ್ ಬಟ್ಟೆ ಕೊಡಬಹುದು, ಟವೆಲ್ಲೂ ಆದೀತು. ಹೆಂಗಸರಿಗಾದರೆ ಉಡುಪಿ ಸೀರೆಯಿದೆ. ಅದೂ ಹಳೆಯ ಮದ್ರಾಸ್ ಪ್ರಾಂತದ ಬಟ್ಟೆಯೇ, ಸಣ್ಣ ಚೌಕಳಿಯದು, ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದದ್ದು. ನೇಯುವವರು ಬೆರಳೆಣಿಕೆಗೆ ಇಳಿದಿದ್ದಾಗ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಂಥವರು ಅದನ್ನು ಮತ್ತೆ ಎತ್ತಿ ನಿಲ್ಲಿಸತೊಡಗಿದರು.

ಕೊಳ್ಳುವಾಗ ಎಲ್ಲಿ ನೇಯ್ದದ್ದು, ಯಾರು ನೇಯ್ದದ್ದು ಎಂದು ಅಂಗಡಿಯವರನ್ನು ಕೇಳಿ. ಗೊತ್ತಿಲ್ಲವೆಂದರೆ ವಿಚಾರಿಸಿ ಹೇಳಲು ಬಿನ್ನವಿಸಿ, ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಿರುತ್ತದೆ. ಉಡುಗೊರೆಯ ಜೊತೆ ಒಂದು ಚೀಟಿಯಿಟ್ಟು, ಅದರಲ್ಲಿ ನಿಮ್ಮ ಹೆಸರಿಗಿಂತ ಮೊದಲು ನೇಯ್ದ ಊರಿನ ಹೆಸರು ಬರೆಯಿರಿ. ಕೆಳಗೆ ತೊಳೆಯುವ ಕ್ರಮವನ್ನೂ ಬರೆಯಿರಿ: ಬಣ್ಣ ಬಿಡುತ್ತದೆ, ಮೊದಲ ಸಲ ಉಪ್ಪು ಹಾಕಿದ ತಣ್ಣೀರಿನಲ್ಲಿ ನೆನೆಸಿ, ಬೇರೆಯಾಗಿ ಒಗೆದು, ನೆರಳಿನಲ್ಲಿ ಒಣಗಿಸಿ.