ಖಿನ್ನತೆ ಮಾತ್ರೆ ಜೊತೆ ನೋವಿನ ಮಾತ್ರೆ: ದಿಢೀರ್ ತಳಮಳ ಕಾಯಿಲೆಯದ್ದೋ, ಔಷಧದ್ದೋ?

ಚೆನ್ನೈ: ಮಂಡಿನೋವಿಗೆ ಒಬ್ಬ ವೈದ್ಯರು, ಖಿನ್ನತೆಗೆ ಇನ್ನೊಬ್ಬರು. ಮಹಾನಗರಗಳಲ್ಲಿ ಇದು ಮಾಮೂಲು. ಚೆನ್ನೈನಲ್ಲಿ ಮೂಳೆ, ನರದ ಚಿಕಿತ್ಸೆಗೆ ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆಗೆ ಹೋಗುವವರು, ಮನಸ್ಸಿನ ಕಾಯಿಲೆಗೆ ಕಿಲ್ಪಾಕ್‌ನ ಮಾನಸಿಕ ಆರೋಗ್ಯ ಸಂಸ್ಥೆಯ ಹಾದಿ ಹಿಡಿಯುತ್ತಾರೆ. 1794ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಬಹುಕಾಲ ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್. ಎರಡೂ ಆಸ್ಪತ್ರೆಗಳು ಮದ್ರಾಸ್ ವೈದ್ಯಕೀಯ ಕಾಲೇಜಿಗೇ ಸೇರಿದವು. ಆದರೆ ಒಂದು ಕಡೆಯ ಚೀಟಿಯನ್ನು ಇನ್ನೊಂದು ಕಡೆ ತೋರಿಸಬೇಕಾದವರು ರೋಗಿ ಅಥವಾ ಮನೆಯವರೇ. ತೋರಿಸದಿದ್ದರೆ ಏನಾಗಬಹುದು?

ಏನಿದು ಸೆರಟೋನಿನ್ ಸಿಂಡ್ರೋಮ್?

ಖಿನ್ನತೆ, ಆತಂಕಕ್ಕೆ ಹೆಚ್ಚಾಗಿ ಬರೆದುಕೊಡುವ ಎಸ್ಸಿಟಾಲೊಪ್ರಾಮ್, ಸೆರ್ಟ್ರಲಿನ್, ಫ್ಲುಯೊಕ್ಸೆಟಿನ್ ಮಾತ್ರೆಗಳು ಮಿದುಳಿನಲ್ಲಿ ಸೆರಟೋನಿನ್ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ತೀವ್ರ ನೋವಿಗೆ ಕೊಡುವ ಟ್ರಮಡಾಲ್ ಕೂಡ ಇದೇ ಕೆಲಸ ಮಾಡುತ್ತದೆ. ಎರಡೂ ಸೇರಿದಾಗ ಕೆಲವರಲ್ಲಿ ಸೆರಟೋನಿನ್ ಮಿತಿ ಮೀರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆದಾಗ ಮೊದಲು ಕಾಣುವುದು ಹಲವು ಬಾರಿ ಮನಸ್ಸಿನ ಬದಲಾವಣೆಯೇ. ಕೂತಲ್ಲಿ ಕೂರಲಾಗದ ಚಡಪಡಿಕೆ, ವಿಪರೀತ ಆತಂಕ, ನಿದ್ದೆಗೇಡು, ಗೊಂದಲ. ಕೆಲವೊಮ್ಮೆ ಇಲ್ಲದ್ದು ಕಂಡಂತಾಗುವುದೂ ಉಂಟು.

ಯಾಮಾರುವುದು ಇಲ್ಲೇ. ಮನೆಯವರು 'ಖಿನ್ನತೆ ಮತ್ತೆ ಹೆಚ್ಚಾಯಿತು' ಎಂದುಕೊಳ್ಳುತ್ತಾರೆ. ಖಿನ್ನತೆ ಮರುಕಳಿಸುವುದು ಸಾಮಾನ್ಯವಾಗಿ ದಿನ, ವಾರಗಳ ಲೆಕ್ಕದಲ್ಲಿ. ಸೆರಟೋನಿನ್ ಸಿಂಡ್ರೋಮ್ ಬಹುತೇಕ ಹೊಸ ಮಾತ್ರೆ ನುಂಗಿದ ಅಥವಾ ಡೋಸ್ ಹೆಚ್ಚಿಸಿದ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಜೊತೆಗೆ ದೇಹವೂ ಸುಳಿವು ಕೊಡುತ್ತದೆ: ಬೆವರು, ಕೈನಡುಕ, ಭೇದಿ, ಹಿಗ್ಗಿದ ಕಣ್ಣಿನ ಪಾಪೆ, ತಾನಾಗಿಯೇ ಅದುರುವ ಕಾಲು. ಜ್ವರ ಏರಿ ಮೈ ಸೆಟೆದುಕೊಂಡರೆ ಪ್ರಾಣಕ್ಕೇ ಅಪಾಯ. ಟ್ರಮಡಾಲ್‌ನಿಂದ ಫಿಟ್ಸ್ ಬರುವ ಸಾಧ್ಯತೆಯೂ ಈ ಜೋಡಿಯಲ್ಲಿ ಹೆಚ್ಚುತ್ತದೆ.

ಜಗತ್ತನ್ನು ಎಚ್ಚರಿಸಿದ ಸಾವು

1984ರ ಮಾರ್ಚ್‌ನಲ್ಲಿ 18 ವರ್ಷದ ಲಿಬಿ ಝಯಾನ್ ಎಂಬ ವಿದ್ಯಾರ್ಥಿನಿ ಜ್ವರ, ನಡುಕದಿಂದ ನ್ಯೂಯಾರ್ಕ್‌ನ ಆಸ್ಪತ್ರೆಯೊಂದಕ್ಕೆ ದಾಖಲಾದಳು. ಆಕೆ ಫೆನೆಲ್ಜಿನ್ ಎಂಬ ಹಳೆಯ ಕಾಲದ ಖಿನ್ನತೆ ಔಷಧ ತೆಗೆದುಕೊಳ್ಳುತ್ತಿದ್ದಳು. ಅಲ್ಲಿ ಪೆಥಿಡಿನ್ ಎಂಬ ನೋವು ನಿವಾರಕ ಚುಚ್ಚುಮದ್ದು ಕೊಡಲಾಯಿತು. ಚಡಪಡಿಕೆ ಹೆಚ್ಚಾದಾಗ ಆಕೆಯನ್ನು ಹಾಸಿಗೆಗೆ ಕಟ್ಟಿಹಾಕಲಾಯಿತು. ಬೆಳಗಾಗುವಷ್ಟರಲ್ಲಿ ಜ್ವರ ವಿಪರೀತಕ್ಕೇರಿ ಸಾವು ಸಂಭವಿಸಿತ್ತು. ಕಾರಣದ ಬಗ್ಗೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದ ನಡೆದರೂ, ಈ ಎರಡು ಔಷಧಗಳ ಜೋಡಿಯ ಅಪಾಯಕ್ಕೆ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ಉದಾಹರಣೆ ಇದೇ.

ನೋವಿನ ಚೀಟಿಯಲ್ಲೇ ಖಿನ್ನತೆ ಮಾತ್ರೆ!

ಎಷ್ಟೋ ಮಂದಿಗೆ ತಾವು ಖಿನ್ನತೆ ನಿವಾರಕ ನುಂಗುತ್ತಿರುವುದೇ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದದ ಉರಿ, ನರನೋವು, ಮೈಗ್ರೇನ್‌ಗೆ ಕೊಡುವ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಮೂಲತಃ ಖಿನ್ನತೆಯ ಔಷಧಗಳು. ಇದರಲ್ಲಿ ತಪ್ಪೇನಿಲ್ಲ, ಅವು ನೋವಿಗೂ ಕೆಲಸ ಮಾಡುತ್ತವೆ. ಆದರೆ ಮೇಲಿಂದ ಟ್ರಮಡಾಲ್ ಸೇರಿದರೆ ಅದೇ ಅಪಾಯದ ಜೋಡಿ. ವಯಸ್ಸಾದವರಲ್ಲಿ ಅಮಿಟ್ರಿಪ್ಟಿಲಿನ್ ಒಂದೇ ಸಾಕು, ಮರೆವು ಮತ್ತು ಗೊಂದಲ ತರಲು.

ಇನ್ನೊಂದು ವಿಚಿತ್ರವೂ ಇದೆ. ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಮಾತ್ರೆಗಳು ಟ್ರಮಡಾಲ್ ಅನ್ನು ನೋವು ತಗ್ಗಿಸುವ ರೂಪಕ್ಕೆ ಬದಲಿಸುವ ಯಕೃತ್ತಿನ ಕಿಣ್ವವನ್ನೇ ತಡೆಯುತ್ತವೆ. ನೋವು ಇಳಿಯುವುದಿಲ್ಲ, ರೋಗಿ ಇನ್ನೊಂದು ಮಾತ್ರೆ ನುಂಗುತ್ತಾರೆ, ಅಪಾಯ ಇನ್ನಷ್ಟು ಹತ್ತಿರವಾಗುತ್ತದೆ. ಟ್ರಮಡಾಲ್ ಅನ್ನು ಕೇಂದ್ರ ಸರ್ಕಾರ 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ ತಂದಿದೆ. ಆದರೂ ಮನೆಯಲ್ಲಿ ಉಳಿದ ಹಳೆಯ ಸ್ಟ್ರಿಪ್‌ಗೆ ಯಾವ ಕಾಯ್ದೆ ಅಡ್ಡ ಬರುತ್ತದೆ?

ಅಂದಹಾಗೆ, ಪ್ಯಾರಸಿಟಮಾಲ್‌ಗೆ ಈ ಸಮಸ್ಯೆ ಇಲ್ಲ. ಆದರೆ ಪ್ಯಾರಸಿಟಮಾಲ್ ಜೊತೆ ಟ್ರಮಡಾಲ್ ಬೆರೆಸಿದ ಮಾತ್ರೆಗಳೂ ಇವೆ, ಸ್ಟ್ರಿಪ್ ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಿಂದ ಸೆರಟೋನಿನ್ ಏರುವುದಿಲ್ಲ. ಖಿನ್ನತೆ ಮಾತ್ರೆಯೊಂದಿಗೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಭಯ ಮಾತ್ರ ಇದೆ.

ಏನು ಮಾಡಬೇಕು?

ಜ್ವರ, ನಡುಕ, ಗೊಂದಲ ಒಟ್ಟಿಗೆ ಬಂದರೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ನುಂಗಿದ ಎಲ್ಲ ಸ್ಟ್ರಿಪ್‌ಗಳನ್ನೂ ಜೊತೆಗೆ ಒಯ್ಯಿರಿ. ಕಾರಣವಾದ ಔಷಧ ನಿಲ್ಲಿಸಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಬೇಗ ಚೇತರಿಸಿಕೊಳ್ಳುತ್ತಾರೆ. ಮಕ್ಕಳಿಗೆ ಹಸಿವು ಹೆಚ್ಚಿಸಲು ಕೊಡುವ ಸೈಪ್ರೊಹೆಪ್ಟಡಿನ್ ಇಲ್ಲಿ ಪ್ರತಿಮದ್ದಾಗಿ ಬಳಕೆಯಾಗುತ್ತದೆ. ಇಂಥ ಲಕ್ಷಣಗಳಿಲ್ಲದಿದ್ದರೆ ಖಿನ್ನತೆಯ ಮಾತ್ರೆಯನ್ನು ಹೆದರಿ ತಾವಾಗಿಯೇ ಬಿಡಬಾರದು. ಥಟ್ಟನೆ ಬಿಟ್ಟರೆ ಅದೂ ತಲೆಸುತ್ತು, ತಳಮಳ ತರುತ್ತದೆ.

ಔಷಧದ ಅಡ್ಡಪರಿಣಾಮವನ್ನು ರೋಗಿಗಳೂ ವರದಿ ಮಾಡಬಹುದು, ಉಚಿತ ಸಹಾಯವಾಣಿ 1800-180-3024. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತನಾಡಬಹುದು. ಫ್ಲುಯೊಕ್ಸೆಟಿನ್ ನಿಲ್ಲಿಸಿದ ಮೇಲೂ ಸುಮಾರು 5 ವಾರ ದೇಹದಲ್ಲಿ ಉಳಿಯಬಹುದು. ಹೀಗಾಗಿ 'ಈಗ ಯಾವ ಮಾತ್ರೆ ತಗೋತಿದ್ದೀರಿ' ಎಂದು ವೈದ್ಯರು ಕೇಳಿದಾಗ ಕಳೆದ ತಿಂಗಳು ಬಿಟ್ಟದ್ದನ್ನೂ ಹೇಳಿ.